ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ

ಶಿವಮೊಗ್ಗದಲ್ಲಿ ಯಾವ ದಿನಪತ್ರಿಕೆ ತೆಗೆದರೂ ಒಳಪುಟದ ಮೂಲೆಯಲ್ಲಿ ಎರಡು ಬಗೆಯ ಪುಟ್ಟ ಸುದ್ದಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಒಂದು ‘ಕಾಣೆಯಾಗಿದ್ದಾರೆ’. ಇನ್ನೊಂದು ‘ಅಪರಿಚಿತ ಶವ ಪತ್ತೆ’. ಎರಡರ ಭಾಷೆಯೂ ಒಂದೇ: ಎತ್ತರ 5.6 ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ನೀಲಿ ಗೆರೆಯ ಅಂಗಿ. ನಮ್ಮ ದೊಡ್ಡಮ್ಮ ಒಂಬತ್ತು ವರ್ಷಗಳಿಂದ ಎರಡನ್ನೂ ತಪ್ಪದೆ ಓದುತ್ತಾರೆ. ಮೊದಲು ಓದುವುದು ಎರಡನೆಯದನ್ನು.

ಅವರದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಕಿರಿಯ ಮಗನಿಗೆ ಆಗ 24 ವರ್ಷ. ಆಶ್ಲೇಷ ಮಳೆ ಜಡಿದು ಹಿಡಿದಿದ್ದ ಒಂದು ಬೆಳಿಗ್ಗೆ, ಶಿವಮೊಗ್ಗಕ್ಕೆ ಹೋಗಿ ಸಂಜೆಗೆ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದ. ಹತ್ತಿದ್ದನ್ನು ಕಂಡವರಿದ್ದಾರೆ, ಇಳಿದದ್ದನ್ನು ಕಂಡವರಿಲ್ಲ. ತುಂಗೆ ಆ ವಾರ ತುಂಬಿ ಹರಿಯುತ್ತಿದ್ದಳು, ಹಾಗಾಗಿ ಕೆಲವರು ಹೊಳೆಯತ್ತ ಕೈ ತೋರಿಸಿದರು. ಕೆಲವರು ಮುಂಬೈ ಎಂದರು. ‘ದೇಶಾಂತರ ಹೋಗಿರಬೇಕು, ನಾಲ್ಕು ವರ್ಷ ಕಳೆದರೆ ಬುದ್ಧಿ ಬಂದು ತಾನೇ ಬರುತ್ತಾನೆ’ ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು.

ಎಲ್ಲಾದರೂ ಗುರುತು ಸಿಗದ ಶವ ದೊರೆತಾಗ ಠಾಣೆಯಿಂದ ಫೋಟೊ ಬರುತ್ತದೆ. ಒಮ್ಮೆ ನಾನು ಜೊತೆಗಿದ್ದೆ. ದೊಡ್ಡಮ್ಮ ಅಡಿಕೆ ಸುಲಿಯುತ್ತಾ ಕುಳಿತಿದ್ದವರು ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ಹಿಡಿದರು. ಮುಖವನ್ನು ನೋಡಲಿಲ್ಲ. ಚಿತ್ರವನ್ನು ಬೆರಳಿನಿಂದ ಸರಿಸಿ, ದೊಡ್ಡದು ಮಾಡಿ, ಎಡಗೈ ಹೆಬ್ಬೆರಳನ್ನು ಹುಡುಕಿದರು. ಹತ್ತು ವರ್ಷದ ಹುಡುಗನಾಗಿದ್ದಾಗ ಮೆಟ್ಟುಗತ್ತಿಗೆ ಸಿಕ್ಕು ಅವನ ಆ ಬೆರಳಿನ ಉಗುರು ಅಡ್ಡಕ್ಕೆ ಸೀಳಿತ್ತು, ಮತ್ತೆ ಸರಿಯಾಗಿ ಬೆಳೆದಿರಲಿಲ್ಲ. ‘ಇವನಲ್ಲ ಮಾರಾಯ’ ಎಂದು ಮೊಬೈಲನ್ನು ನನ್ನ ಕೈಗಿಟ್ಟರು. ಆ ದನಿಯಲ್ಲಿ ನೆಮ್ಮದಿ ಇತ್ತೋ ನಿರಾಸೆ ಇತ್ತೋ ನನಗೆ ಇಂದಿಗೂ ಬಿಡಿಸಿ ಹೇಳಲಾಗದು. ಎರಡೂ ಇದ್ದವು ಎಂದೇ ಈಗ ನಂಬಿದ್ದೇನೆ.

ಈ ಎರಡೂ ಒಟ್ಟಿಗೆ ಇರುವ ಸ್ಥಿತಿಯನ್ನು ವಿಜ್ಞಾನ ಗಂಭೀರವಾಗಿ ನೋಡತೊಡಗಿದ್ದು 1970ರ ದಶಕದಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ವಿಮಾನ ಸಮೇತ ಕಾಣೆಯಾದ ಪೈಲಟ್‌ಗಳ ಕುಟುಂಬಗಳನ್ನು ಅಧ್ಯಯನ ಮಾಡಿದ ಅಮೆರಿಕದ ಪಾಲಿನ್ ಬಾಸ್ ಈ ನೋವಿಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಅಸ್ಪಷ್ಟ ನಷ್ಟ’ ಎನ್ನಬಹುದು. ಮನುಷ್ಯ ಮನೆಯಲ್ಲಿಲ್ಲ, ಆದರೆ ಮನೆಯವರ ಮನಸ್ಸಿನಿಂದ ಎದ್ದು ಹೋಗಿಲ್ಲ. ಮನುಷ್ಯ ಕಣ್ಣೆದುರೇ ಇದ್ದು, ಮರೆವಿನ ಕಾಯಿಲೆಯಿಂದ ಒಳಗೊಳಗೇ ಇಲ್ಲವಾಗುತ್ತಾ ಹೋಗುವುದನ್ನೂ ಅವರು ಇದೇ ನಷ್ಟದ ಇನ್ನೊಂದು ಮುಖವಾಗಿ ಕಂಡರು. ನನಗೆ ಬಹಳ ಮುಖ್ಯವೆನಿಸಿದ್ದು ಅವರ ಒಂದು ತೀರ್ಮಾನ: ಇಲ್ಲಿ ರೋಗ ಇರುವುದು ಕಾಯುವವರ ಮನಸ್ಸಿನಲ್ಲಲ್ಲ, ಅವರು ಸಿಕ್ಕಿಕೊಂಡಿರುವ ಪರಿಸ್ಥಿತಿಯಲ್ಲಿ. ವೈದ್ಯಶಾಸ್ತ್ರದ ಪಟ್ಟಿಯಲ್ಲಿ ದೀರ್ಘಕಾಲ ಮಾಯದ ದುಃಖಕ್ಕೆ ಈಗ ಒಂದು ಜಾಗವಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ಸೇರಿದ್ದು 2022ರಲ್ಲಿ. ಆದರೆ ಅದರ ಮೊದಲ ಷರತ್ತೇ ಆಪ್ತರೊಬ್ಬರ ಸಾವು. ಸತ್ತರೆಂದು ಯಾರೂ ಹೇಳದವರ ತಾಯಿ ಆ ಪಟ್ಟಿಯ ಹೊರಗೇ ನಿಲ್ಲಬೇಕು.

ಗೊತ್ತಿಲ್ಲದಿರುವುದು ಇಷ್ಟೊಂದು ಹಿಂಸೆಯಾಗುವುದು ಏಕೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮಲೆನಾಡಿನವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದು ಕಲ್ಲಿನ ಅಡಿಯ ಹಾವಿನ ಆಟ. ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳು ಕಾಣುತ್ತವೆ. ಅಡಿಯಲ್ಲಿ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ವಿದ್ಯುತ್ತಿನ ನೋವುಳ್ಳ ಹೊಡೆತ. 45 ಮಂದಿ ಆಡಿದರು. ಅವರ ಬೆವರನ್ನೂ ಕಣ್ಣಪಾಪೆಯ ಹಿಗ್ಗುವಿಕೆಯನ್ನೂ ಅಳೆಯಲಾಯಿತು. ಹೊಡೆತ ಖಂಡಿತ ಎಂದು ಗೊತ್ತಿದ್ದಾಗ ಜನರು ಕಳವಳಗೊಂಡರು, ನಿಜ. ಆದರೆ ಕಳವಳ ತುತ್ತತುದಿಗೆ ಏರಿದ್ದು ಹಾವು ಇರುವ ಸಾಧ್ಯತೆ ಸರಿಯಾಗಿ ಅರ್ಧದಷ್ಟಿದ್ದಾಗ. ಖಚಿತವಾದ ನೋವಿಗಿಂತ, ಬರಬಹುದು, ಬಾರದಿರಬಹುದು ಎಂಬ ನೋವೇ ದೇಹವನ್ನು ಹೆಚ್ಚು ಹಿಂಡಿತು.

ಸೋಗೆ ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕುಟ್ಟಿ ನೋಡುವುದು ನಮಗೆಲ್ಲ ಅಭ್ಯಾಸ. ಹಾವು ಹರಿದು ಹೋಯಿತೆಂದರೆ ಎದೆಬಡಿತ ಇಳಿಯುತ್ತದೆ. ಅಪಾಯವೆಂದು ಸಿದ್ಧವಾದ ದೇಹ ಅಪಾಯ ಕಳೆದ ಮೇಲೆ ಸಡಿಲಗೊಳ್ಳಬೇಕು, ನಮ್ಮ ನರವ್ಯೂಹ ಕೆಲಸ ಮಾಡುವುದೇ ಹಾಗೆ. ದೊಡ್ಡಮ್ಮನ ಕೈ ಒಂಬತ್ತು ವರ್ಷಗಳಿಂದ ಆ ರಾಶಿಯ ಮೇಲೆಯೇ ಇದೆ. ಅಪರಿಚಿತ ಸಂಖ್ಯೆಯಿಂದ ಕರೆ ಬಂದರೆ ಒಲೆಯ ಮೇಲಿನ ಹಾಲು ಉಕ್ಕಲಿ, ಅವರು ಓಡುತ್ತಾರೆ. ಬ್ಯಾಂಕ್ ಸಾಲ ಬೇಕೇ ಎಂದು ಕೇಳುವ ಯಂತ್ರದ ದನಿಯನ್ನೂ ಕೊನೆಯವರೆಗೆ ಕೇಳಿಸಿಕೊಂಡೇ ಇಡುತ್ತಾರೆ.

ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ನಡೆದದ್ದನ್ನೂ ಹೇಳಬೇಕು. ಪ್ಲಾಟ್‌ಫಾರಂನಲ್ಲಿ ಒಬ್ಬ ಬೆನ್ನು ಮಾಡಿ ನಡೆಯುತ್ತಿದ್ದ. ಎಡಭುಜ ಸ್ವಲ್ಪ ಇಳಿದ ನಡಿಗೆ. ದೊಡ್ಡಮ್ಮ ಚೀಲವನ್ನು ಅಲ್ಲೇ ಬಿಟ್ಟು ಅವನ ಹಿಂದೆ ಹೋದರು. ಅವನು ತಿರುಗಿದಾಗ ಬೇರೆ ಯಾರೋ. ಇಂಥದ್ದನ್ನು ಕಂಡ ಜನ ‘ತಲೆ ಕೆಟ್ಟಿದೆ ಪಾಪ’ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ, ಮತ್ತು ಒಪ್ಪದಿರಲು ನನ್ನ ಬಳಿ ಕಾರಣವಿದೆ. ಎರಡನೇ ಮಹಾಯುದ್ಧದ ರೇಡಾರ್ ಕೆಲಸದಿಂದ ಬೆಳೆದ ‘ಸಂಕೇತ ಪತ್ತೆ’ ಎಂಬ ಸಿದ್ಧಾಂತವೊಂದಿದೆ. ಪರದೆಯ ಮೇಲಿನ ಮಸುಕು ಚುಕ್ಕೆ ಶತ್ರು ವಿಮಾನವೋ ಬರಿಯ ಗದ್ದಲವೋ ಎಂದು ತೀರ್ಮಾನಿಸುವವನು ಎರಡು ರೀತಿಯಲ್ಲಿ ತಪ್ಪಬಹುದು: ಇಲ್ಲದ್ದನ್ನು ಇದೆ ಎನ್ನಬಹುದು, ಇದ್ದದ್ದನ್ನು ಬಿಟ್ಟುಬಿಡಬಹುದು. ಬಿಟ್ಟುಬಿಟ್ಟರೆ ಆಗುವ ಅನಾಹುತ ದೊಡ್ಡದಾದಷ್ಟೂ ಸಣ್ಣ ಸುಳಿವಿಗೂ ‘ಇದೆ’ ಎನ್ನುವುದೇ ಸರಿಯಾದ ಲೆಕ್ಕ. ತಾಯಿಯೊಬ್ಬಳು ನೂರು ಬಾರಿ ತಪ್ಪು ಬೆನ್ನಿನ ಹಿಂದೆ ಓಡಿದರೆ ಹೋಗುವುದು ನೂರು ನಿಮಿಷ. ಸರಿಯಾದ ಬೆನ್ನನ್ನು ಒಮ್ಮೆ ಬಿಟ್ಟರೆ? ಅವರ ಮಿದುಳು ಕೆಟ್ಟಿಲ್ಲ. ಪಣ ಏನೆಂದು ಅದಕ್ಕೆ ಚೆನ್ನಾಗಿ ಗೊತ್ತಿದೆ.

ಅಂತ್ಯಕ್ರಿಯೆ ಮುಗಿಸಿದವರಿಗೂ ಇದು ತಪ್ಪಿದ್ದಲ್ಲ. ವೇಲ್ಸ್‌ನ ವೈದ್ಯರೊಬ್ಬರು ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತವರ ಇರವನ್ನು ಒಂದಲ್ಲ ಒಂದು ರೀತಿಯಲ್ಲಿ ಅನುಭವಿಸಿದ್ದರು. ಮಣ್ಣು ಮಾಡಿ ಬಂದವರ ಪಾಡೇ ಹೀಗಿರುವಾಗ, ಮಣ್ಣು ಮಾಡಲು ಏನೂ ಸಿಗದವರಿಗೆ ‘ಒಪ್ಪಿಕೊಳ್ಳಿ’ ಎಂದು ಹೇಳಲು ನಮಗೆ ಬಾಯಾದರೂ ಹೇಗೆ ಬರುತ್ತದೆ? ಏನನ್ನು ಒಪ್ಪಿಕೊಳ್ಳಬೇಕು?

ನಮ್ಮ ಪೂರ್ವಿಕರಿಗೆ ಈ ಬಿಕ್ಕಟ್ಟು ತಿಳಿದಿತ್ತು. ಹನ್ನೆರಡು ವರ್ಷ ಸುದ್ದಿಯೇ ಇಲ್ಲದವನಿಗೆ ಮುತ್ತುಗದ 360 ತೊಟ್ಟುಗಳನ್ನು ಜೋಡಿಸಿ ಆಕೃತಿ ಮಾಡಿ ದಹಿಸುವ ಪಲಾಶ ವಿಧಿ ಎಂಬ ಕ್ರಮವಿದೆ. ದೇಹ ಸಿಗದಿದ್ದಲ್ಲಿ ಒಂದು ದೇಹವನ್ನು ಕಟ್ಟಿಕೊಡುವ ಈ ಏರ್ಪಾಟಿನ ಹಿಂದಿನ ಕರುಣೆ ನನ್ನನ್ನು ಅಲುಗಾಡಿಸುತ್ತದೆ. ಕಾನೂನಿನ ಗಡುವು ಏಳು ವರ್ಷ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ಆ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ 111ನೇ ಕಲಮಿನಲ್ಲಿ ಮುಂದುವರಿದಿದೆ. ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ತಲುಪಬೇಕಿತ್ತೋ ಅವರಿಗೆ ಏಳು ವರ್ಷ ಏನೂ ತಿಳಿಯದಿದ್ದರೆ, ‘ಬದುಕಿದ್ದಾನೆ’ ಎನ್ನುವವರೇ ಅದನ್ನು ಸಾಬೀತುಪಡಿಸಬೇಕು. ಗಡುವು ಮುಗಿದ ಮಾತ್ರಕ್ಕೆ ಮರಣ ಪ್ರಮಾಣಪತ್ರ ಮನೆಗೆ ಬರುವುದಿಲ್ಲ. ಪ್ರಶ್ನೆ ನ್ಯಾಯಾಲಯದ ಮುಂದೆ ಎದ್ದಾಗ ಮಾತ್ರ ಈ ಊಹೆಗೆ ಬೆಲೆ, ಯಾವ ದಿನ ಸತ್ತ ಎಂಬುದನ್ನು ಅದು ಹೇಳದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಸ್ಪಷ್ಟಪಡಿಸಿದೆ.

ತೋಟದ ಮನೆಯಲ್ಲಿ ಇದರ ಅರ್ಥ ಹೀಗೆ. ದೊಡ್ಡಪ್ಪ ತೀರಿಕೊಂಡ ಮೇಲೆ ಪಹಣಿ ಇಬ್ಬರು ಗಂಡುಮಕ್ಕಳ ಹೆಸರಿಗೆ ಜಂಟಿಯಾಗಿ ಬಂದಿದೆ. ಸಾಲಕ್ಕೆ ಇಬ್ಬರ ಸಹಿ ಬೇಕು, ಪಾಲು ಮಾಡಲು ಇಬ್ಬರೂ ಬೇಕು. ಕಿರಿಯನ ಪಾಲನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಪೌತಿ ಖಾತೆ ಮಾಡಿಸಬೇಕಾದರೆ ಅವನು ಸತ್ತಿರಬೇಕು. ಹಿರಿಯ ಮಗ ವಕೀಲರನ್ನು ಕಂಡು ಬಂದ. ಅವನು ಕೆಟ್ಟವನಲ್ಲ, ಕೊಳೆರೋಗಕ್ಕೆ ಎರಡು ವರ್ಷದ ಫಸಲು ಕೊಟ್ಟು ಸಾಲದಲ್ಲಿ ಮುಳುಗಿರುವವನು. ತಮ್ಮನನ್ನು ಹುಡುಕಿಕೊಂಡು ಮುಂಬೈಗೆ ಎರಡು ಬಾರಿ ಹೋದವನೂ ಅವನೇ. ಆದರೆ ಅರ್ಜಿಗೆ ತಾಯಿಯ ಹೇಳಿಕೆ ಬೇಕು ಎಂದ ದಿನದಿಂದ ಅಮ್ಮ ಮಗನ ನಡುವೆ ಮಾತು ತೆಳುವಾಗಿದೆ. ಕಾಣೆಯಾದವರ ಮನೆಗಳಲ್ಲಿ ಇಂಥ ಬಿರುಕು ಸಾಮಾನ್ಯ ಎಂದು ಬಾಸ್ ಗುರುತಿಸಿದ್ದಾರೆ. ಒಬ್ಬರು ಇದ್ದಾನೆ ಎನ್ನುತ್ತಾರೆ, ಒಬ್ಬರು ಇಲ್ಲ ಎನ್ನುತ್ತಾರೆ, ಇಬ್ಬರ ಬಳಿಯೂ ಪುರಾವೆ ಇಲ್ಲ.

ಪುರಾವೆ ಸಿಗುವ ದಾರಿ ವಿಜ್ಞಾನಕ್ಕೆ ಗೊತ್ತಿದೆ. ಅರ್ಜೆಂಟೀನಾದಲ್ಲಿ ಸೈನಿಕ ಆಡಳಿತ ಕಾಣೆಯಾಗಿಸಿದವರ ಮಕ್ಕಳನ್ನು ಹುಡುಕಲು 1977ರಲ್ಲಿ ಅಜ್ಜಿಯರು ಸಂಘ ಕಟ್ಟಿದರು. ತಂದೆತಾಯಿಯೇ ಇಲ್ಲದಿರುವಾಗ ಅಜ್ಜಿಯ ರಕ್ತದಿಂದ ಮೊಮ್ಮಗುವನ್ನು ಗುರುತಿಸಬಹುದೇ ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಒಬ್ಬರು. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯದಲ್ಲಿರುವ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಒಂದೊಂದು ಕೋಶದಲ್ಲೂ ಅದರ ಪ್ರತಿಗಳು ಹೇರಳವಾಗಿರುವುದರಿಂದ ಹಳೆಯ ಮೂಳೆಯಲ್ಲೂ ಸಿಗುವ ಸಾಧ್ಯತೆ ಹೆಚ್ಚು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಾಣೆಯಾದ ಕೇರಳದ ಲಾರಿ ಚಾಲಕನ ದೇಹ ಸೆಪ್ಟೆಂಬರ್ 25ರಂದು ಗಂಗಾವಳಿಯ ತಳದಿಂದ ಲಾರಿಯ ಸಮೇತ ಮೇಲೆ ಬಂತು. ಗುರುತನ್ನು ಖಚಿತಪಡಿಸಿದ್ದು ಡಿಎನ್‌ಎ ಪರೀಕ್ಷೆ. ಎಲ್ಲಿ ಹುಡುಕಬೇಕೆಂದು ಗೊತ್ತಿದ್ದುದರಿಂದ, ಹುಡುಕುತ್ತಲೇ ಇದ್ದುದರಿಂದ ಆ ಮನೆಗೆ ಉತ್ತರ ಸಿಕ್ಕಿತು.

ಗೊತ್ತಿಲ್ಲದವರಿಗೆ ಬೇಕಾದದ್ದು ಒಂದು ಭಂಡಾರ: ವಾರಸುದಾರರಿಲ್ಲದ ಶವಗಳ ಡಿಎನ್‌ಎ ಒಂದು ಕಡೆ, ಕಾಯುತ್ತಿರುವ ತಾಯಂದಿರದು ಇನ್ನೊಂದು ಕಡೆ. ಕಾಣೆಯಾದವರಿಗಾಗಿ ಇಂಥ ಸೂಚಿಯನ್ನೂ ಒಳಗೊಂಡಿದ್ದ ಡಿಎನ್‌ಎ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, 2023ರಲ್ಲಿ ಹಿಂದಕ್ಕೆ ಹೋಯಿತು. ಖಾಸಗಿತನದ ಬಗ್ಗೆ ಎದ್ದ ಆಕ್ಷೇಪಗಳು ಹಗುರವಾದವಲ್ಲ, ಆರೋಪಿಗಳ ಡಿಎನ್‌ಎ ಸಂಗ್ರಹಿಸುವುದಕ್ಕೆ ಕಟ್ಟುನಿಟ್ಟು ಬೇಕೇ ಬೇಕು. ಆದರೆ ತಾನಾಗಿ ಮುಂದೆ ಬಂದು ಕೆನ್ನೆಯ ಒಳಗಿನ ಒಂದು ಉಜ್ಜು ಕೊಡುವ ತಾಯಿಯ ವಿಷಯವನ್ನು ಅದರೊಂದಿಗೆ ಕಟ್ಟಿ ಕೂರಿಸಿದ್ದು ನನಗೆ ಅನ್ಯಾಯವೆನಿಸುತ್ತದೆ. ಮಗನನ್ನು ಗುರುತಿಸುವ ದಾಖಲೆ ದೊಡ್ಡಮ್ಮನ ಮೈಯಲ್ಲೇ ಇದೆ. ಹೋಲಿಸಿ ನೋಡುವವರಿಲ್ಲ, ಅವರು ಇನ್ನೂ ಹೆಬ್ಬೆರಳಿನ ಉಗುರನ್ನು ಹುಡುಕುತ್ತಿದ್ದಾರೆ.

ಇನ್ನೊಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಕಾಣೆಯಾದ ದೂರು ಕೊಡಲು 24 ಗಂಟೆ ಕಾಯಬೇಕೆಂಬ ಕಾನೂನು ಇಲ್ಲ. ಅಂದು ಇವರಿಗೆ ‘ನಾಳೆ ಬನ್ನಿ’ ಎಂದವರಿದ್ದರು. ಮಕ್ಕಳ ವಿಷಯದಲ್ಲಂತೂ ಕೂಡಲೇ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮೊದಲ ದಿನದ ಬಸ್ ಟಿಕೆಟ್ಟು, ಸಿಸಿ ಟಿವಿ ಚಿತ್ರ, ಕಂಡಕ್ಟರನ ನೆನಪು, ಎಲ್ಲವೂ ಬೇಗ ಅಳಿಸಿ ಹೋಗುವಂಥವು.

ಹೋಗುವ ಹಿಂದಿನ ವರ್ಷ ಅವನು ಹೊಳೆಯಂಚಿನ ಖಾಲಿ ಜಾಗದಲ್ಲಿ 60 ಅಡಿಕೆ ಸಸಿ ನೆಟ್ಟಿದ್ದ. ಅವು ಫಸಲಿಗೆ ಬಂದು ಮೂರು ವರ್ಷವಾಯಿತು. ಕಳೆದ ಬಾರಿ ಕೊನೆಗೌಡ ಆ ಮರಗಳನ್ನು ಹತ್ತುವಾಗ ನಾನೂ ತೋಟದಲ್ಲಿದ್ದೆ. ಆ ಅಡಿಕೆಯನ್ನು ದೊಡ್ಡಮ್ಮ ಬೇರೆಯಾಗಿ ಸುಲಿಸಿ, ಬೇರೆ ಚಾಪೆಯಲ್ಲಿ ಒಣಗಿಸಿ, ಬೇರೆ ಚೀಲಕ್ಕೆ ತುಂಬಿಸುತ್ತಾರೆ. ಮಂಡಿಗೆ ಹಾಕಿದ ದುಡ್ಡನ್ನು ಹಿರಿಯ ಮಗನ ಸಾಲಕ್ಕೆ ಕೊಡುತ್ತಾರೆ, ಎಷ್ಟು ಕೊಟ್ಟೆನೆಂದು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾರೆ. ‘ಬಂದರೆ ಲೆಕ್ಕ ಕೇಳುತ್ತಾನಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಚೀಲದ ಬಾಯಿ ಹೊಲಿಯುತ್ತಾ, ‘ಬಾರದಿದ್ದರೆ ಅಣ್ಣನಿಗಾದರೂ ಆಯಿತಲ್ಲ’ ಎಂದರು.