ಕ್ಷಯದ ಸ್ಲೈಡಿಗೆ 25% ಆಮ್ಲ, ಕುಷ್ಠದ ಸ್ಲೈಡಿಗೆ 5% ಯಾಕೆ?

ಪ್ರಶ್ನೆ: ಕ್ಷಯ, ಕುಷ್ಠ ಎರಡರದ್ದೂ ಮೈಕೋಬ್ಯಾಕ್ಟೀರಿಯಾಗಳೇ, ಎರಡಕ್ಕೂ ಜೀಲ್-ನೀಲ್ಸನ್ ಸ್ಟೈನೇ (ಕೆಂಪು ಬಣ್ಣ ಹಾಕಿ, ಉಳಿದದ್ದರ ಬಣ್ಣವನ್ನು ಆಮ್ಲದಿಂದ ತೊಳೆಯುವ ವಿಧಾನ). ಕಫದ ಸ್ಲೈಡಿಗೆ 25% ಸಲ್ಫ್ಯೂರಿಕ್ ಆಮ್ಲ ಹಾಕುವವರು ಚರ್ಮದ ಸ್ಮಿಯರಿಗೆ 5% ಮಾತ್ರ ಹಾಕುವುದೇಕೆ?

ಉತ್ತರ: ಕುಷ್ಠದ ಬ್ಯಾಕ್ಟೀರಿಯಾ ಬಣ್ಣವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಅದಕ್ಕೇ.

ಹೊದಿಕೆಯ ಪದರಗಳು ಎರಡರಲ್ಲೂ ಒಂದೇ ಕ್ರಮದಲ್ಲಿವೆ. ಒಳಗೆ ಕೋಶಪೊರೆ, ಅದರ ಮೇಲೆ ಪೆಪ್ಟಿಡೋಗ್ಲೈಕಾನ್, ಅದಕ್ಕೆ ಅಂಟಿಕೊಂಡ ಅರಾಬಿನೋಗ್ಯಾಲಕ್ಟಾನ್, ಅದರ ತುದಿಗಳಲ್ಲಿ 60ರಿಂದ 90 ಕಾರ್ಬನ್ನಿನ ಮೈಕೋಲಿಕ್ ಆಮ್ಲಗಳು, ನಡುನಡುವೆ ಕೊಬ್ಬಿನಂಥ ಬಿಡಿ ಲಿಪಿಡ್‌ಗಳು. ಬಿಸಿಗೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಈ ಮೇಣದಂಥ ಪದರ ದಾಟಿ ಒಳಹೋಗುತ್ತದೆ, ಆಮ್ಲ ಸುರಿದರೂ ಸುಲಭಕ್ಕೆ ಹೊರಬರುವುದಿಲ್ಲ.

ವ್ಯತ್ಯಾಸವಿರುವುದು ವಿವರಗಳಲ್ಲಿ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಆಲ್ಫಾ, ಮೆಥಾಕ್ಸಿ, ಕೀಟೋ ಎಂಬ ಮೂರು ಬಗೆಯ ಮೈಕೋಲಿಕ್ ಆಮ್ಲಗಳಿವೆ. ಕುಷ್ಠದ್ದರಲ್ಲಿ ಮೆಥಾಕ್ಸಿ ಇಲ್ಲ. ಪೆಪ್ಟಿಡೋಗ್ಲೈಕಾನಿನಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಮೊದಲ ಜಾಗದಲ್ಲಿ ಗ್ಲೈಸಿನ್ ಕೂತಿದೆ. ಹೊರಮೈಯಲ್ಲಿ ಪಿಜಿಎಲ್-1 ಎಂಬ ಮೂರು ಸಕ್ಕರೆಯ ಗ್ಲೈಕೋಲಿಪಿಡ್ ಧಾರಾಳವಾಗಿದೆ. ನರದ ಶ್ವಾನ್ ಕೋಶಗಳನ್ನು ಸುತ್ತಿದ ಲ್ಯಾಮಿನಿನ್-2 ಎಂಬ ಪ್ರೋಟೀನಿಗೆ ಅಂಟುವುದು ಇದೇ. ಮೆಥಾಕ್ಸಿ ಇಲ್ಲದ್ದರಿಂದಲೇ ಬಣ್ಣ ಬಿಡುತ್ತದೆ ಎಂದು ತೀರ್ಮಾನಿಸಬೇಡಿ. ಕ್ಷಯದ ಲಸಿಕೆ ಬಿಸಿಜಿಯ ಪಾಶ್ಚರ್ ತಳಿಯಲ್ಲೂ ಅದಿಲ್ಲ, ಆದರೂ ಅದು ಆಮ್ಲಕ್ಕೆ ಜಗ್ಗುವುದಿಲ್ಲ. ಬಿಡಿ ಲಿಪಿಡ್‌ಗಳ ಪಾತ್ರವನ್ನು ಲಿಪಿಡ್ ಕರಗಿಸುವ ಪಿರಿಡಿನ್ ಬಳಸುವ ಹಳೆಯ ಪರೀಕ್ಷೆ ತೋರಿಸಿಕೊಡುತ್ತದೆ: ಪಿರಿಡಿನ್‌ನಲ್ಲಿ ನೆನೆಸಿದ ಕುಷ್ಠದ ಬ್ಯಾಕ್ಟೀರಿಯಾ ಆಮ್ಲ ತಡೆಯುವ ಗುಣ ಕಳೆದುಕೊಳ್ಳುತ್ತದೆ, ಕ್ಷಯದ್ದು ಕಳೆದುಕೊಳ್ಳುವುದಿಲ್ಲ.

ಇನ್ನು ಬೆಂಚಿನ ಕೆಲಸ. ಕಫದ ಸ್ಲೈಡಿಗೆ ಫುಕ್ಸಿನ್ ಸುರಿದು ಹಬೆ ಏಳುವವರೆಗೆ ಕಾಯಿಸಿ 5 ನಿಮಿಷ ಬಿಡಿ (ಕುದಿಸಬೇಡಿ, ಒಣಗಿದರೆ ಹರಳುಗಟ್ಟುತ್ತದೆ), 25% ಆಮ್ಲ 2ರಿಂದ 4 ನಿಮಿಷ, ಹಿನ್ನೆಲೆಯ ನೀಲಿಗೆ 0.1% ಮಿಥಿಲೀನ್ ಬ್ಲೂ 30 ಸೆಕೆಂಡು. ಚರ್ಮದ ಸ್ಮಿಯರಿಗೆ 5% ಆಮ್ಲ, ಇಲ್ಲವೇ 1% ಆಮ್ಲ-ಆಲ್ಕೋಹಾಲ್. ಎರಡನೆಯದಾದರೆ ಕೆಲವೇ ಸೆಕೆಂಡು. ಆಲ್ಕೋಹಾಲ್ ಲಿಪಿಡ್‌ಗಳನ್ನೂ ಎಳೆಯುತ್ತದೆ. ಹೆಚ್ಚು ತೊಳೆದ ಸ್ಲೈಡ್ ಪೂರ್ತಿ ನೆಗೆಟಿವ್ ಆಗದಿದ್ದರೂ ಎಣಿಕೆ ಕೆಡುತ್ತದೆ: ಇಡೀ ಕೆಂಪಾಗಿರಬೇಕಾದ ಕೋಲುಗಳು ತುಂಡುತುಂಡಾಗಿ ಕಂಡು, ಸತ್ತವುಗಳ ಲೆಕ್ಕಕ್ಕೆ ಸೇರಿಬಿಡುತ್ತವೆ.

ಬಯಾಪ್ಸಿಯಲ್ಲಿ ಅಪಾಯ ಇನ್ನೂ ಹೆಚ್ಚು. ಚೂರನ್ನು ಹುದುಗಿಸಿದ ಪ್ಯಾರಾಫಿನ್ ಮೇಣವನ್ನು ತೆಗೆಯುವ ಜೈಲೀನ್ ಒಂದೇ ಸಾಕು, ಲಿಪಿಡ್ ಹೋಗಲು. ಕುಷ್ಠದ ಬಯಾಪ್ಸಿಗೆ ಬಳಸುವ ಫೈಟ್ ಸ್ಟೈನಿನಲ್ಲಿ ಜೈಲೀನಿಗೆ ಕಡಲೆಕಾಯಿ ಎಣ್ಣೆ ಬೆರೆಸುವುದು ಇದೇ ಕಾರಣಕ್ಕೆ. ಕೊನೆಯಲ್ಲಿ ಸ್ಲೈಡನ್ನು ಆಲ್ಕೋಹಾಲಿನಲ್ಲಿ ಅದ್ದದೆ ಗಾಳಿಗೆ ಒಣಗಿಸಿ.