ಕಾಫಿ ಧಾರಣೆಯನ್ನು ಫೋನು ಏಕೆ ಓದಲಿಲ್ಲ?

ಮೂಡಿಗೆರೆ ಸಮೀಪದ ನಮ್ಮ ಊರಿನಲ್ಲಿ ಕಾಫಿ ಕೊಯ್ಲು ಆರಂಭವಾಯಿತೆಂದರೆ, ಬೆಳಿಗ್ಗೆ ಎದ್ದವರೆಲ್ಲ ಮೊದಲು ಹುಡುಕುವುದು ವಾಟ್ಸಾಪ್ ಗುಂಪಿಗೆ ಬರುವ ಆ ದಿನದ ಧಾರಣೆಯನ್ನು. ಅರೇಬಿಕಾ ಪಾರ್ಚ್‌ಮೆಂಟ್ ಎಷ್ಟು, ರೋಬಸ್ಟಾ ಚೆರಿ ಎಷ್ಟು, ಕಾಳುಮೆಣಸು ಎಷ್ಟು ಎಂಬುದರ ಮೇಲೆ ಕಣದಲ್ಲಿ ಒಣಗುತ್ತಿರುವ ಬೆಳೆಯನ್ನು ಈಗಲೇ ಮಾರಬೇಕೋ, ಚೀಲ ಕಟ್ಟಿ ಇಡಬೇಕೋ ಎಂಬುದು ತೀರ್ಮಾನವಾಗುತ್ತದೆ. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿರುವ ನನ್ನ ಚಿಕ್ಕಪ್ಪನೂ ಆ ಗುಂಪಿನಲ್ಲಿದ್ದಾರೆ. ಅವರ ಫೋನು ಗುಂಪಿನ ಹರಟೆಯನ್ನು, ಮಳೆಯ ಸುದ್ದಿಯನ್ನು, ಆನೆ ಬಂದ ಎಚ್ಚರಿಕೆಯನ್ನು ಒಂದಕ್ಷರವೂ ಬಿಡದೆ ಓದಿ ಹೇಳುತ್ತದೆ. ಧಾರಣೆಯ ಸರದಿ ಬಂದಾಗ ಮಾತ್ರ "ಫೋಟೋ" ಎಂಬ ಒಂದೇ ಪದ ನುಡಿದು ಮುಂದಕ್ಕೆ ಹೋಗಿಬಿಡುತ್ತದೆ.

ಫೋನು ಮಾತನಾಡುತ್ತದೆ ಎಂದ ಕೂಡಲೇ ಅದು ನಮ್ಮ ಹಾಗೆ ಪರದೆಯನ್ನು ನೋಡಿ ಹೇಳುತ್ತಿದೆ ಎಂದು ಬಹಳ ಜನ ತಿಳಿದುಕೊಳ್ಳುತ್ತಾರೆ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಕೆಲಸ ಮಾಡುವ ಬಗೆ ಬೇರೆ. ಪರದೆಯ ಬಣ್ಣ, ಗೆರೆ, ಚುಕ್ಕಿಗಳನ್ನು ಬದಿಗಿಟ್ಟು, ಅವುಗಳ ಬೆನ್ನಿಗೆ ಆ್ಯಪ್ ತಯಾರಿಸಿದವರು ಬರೆದಿಟ್ಟಿರುವ ವಿವರಗಳನ್ನು ಅದು ಓದುತ್ತದೆ. ಪ್ರತಿಯೊಂದು ಗುಂಡಿಗೂ ಒಂದು ಹೆಸರು, ಅದು ಗುಂಡಿಯೋ ಕೊಂಡಿಯೋ ಎಂಬ ಸೂಚನೆ, ಆನ್ ಆಗಿದೆಯೋ ಆಫ್ ಆಗಿದೆಯೋ ಎಂಬ ಸ್ಥಿತಿ, ಇಷ್ಟೂ ಒಂದರೊಳಗೊಂದು ಹೊಂದಿಕೊಂಡ ಮರದ ಕೊಂಬೆಗಳಂತೆ ಆ್ಯಪ್‌ನೊಳಗೆ ಇರುತ್ತವೆ. ಬರೆದಿದ್ದರೆ ಫೋನು "ಕಳುಹಿಸಿ, ಬಟನ್" ಎನ್ನುತ್ತದೆ. ಬರೆಯದೆ ಬಿಟ್ಟಿದ್ದರೆ "ಲೇಬಲ್ ಇಲ್ಲದ ಬಟನ್" ಎನ್ನುತ್ತದೆ. ಚಿಕ್ಕಪ್ಪ ಬಳಸುತ್ತಿದ್ದ ಒಂದು ಬ್ಯಾಂಕಿನ ಆ್ಯಪ್‌ನ ಮುಖಪುಟದಲ್ಲಿ ಇಂಥ ಹೆಸರಿಲ್ಲದ ಬಟನ್‌ಗಳು ಸಾಲಾಗಿ ಏಳು ಇದ್ದವು. ಎಡದಿಂದ ಎಣಿಸಿ ನಾಲ್ಕನೆಯದು ಹಣ ವರ್ಗಾವಣೆ ಎಂದು ಅವರು ಬಾಯಿಪಾಠ ಮಾಡಿಕೊಂಡಿದ್ದರು. ಆ್ಯಪ್ ಅಪ್‌ಡೇಟ್ ಆದ ದಿನ ನಾಲ್ಕನೆಯದು ಬೇರೇನೋ ಆಗಿ, ಆ ಬಾಯಿಪಾಠ ಕೆಲಸಕ್ಕೆ ಬಾರದಾಯಿತು.

ನುಣುಪಾದ ಗಾಜನ್ನು ಕಣ್ಣಿಲ್ಲದೆ ಬಳಸಬಹುದು ಎಂಬುದೇ ಒಂದು ಕಾಲದಲ್ಲಿ ನಂಬಲಾಗದ ಮಾತಾಗಿತ್ತು. ಹಳೆಯ ಕೀಪ್ಯಾಡ್ ಫೋನುಗಳಲ್ಲಿ 5ರ ಗುಂಡಿಯ ಮೇಲೆ ಉಬ್ಬು ಗುರುತು ಇರುತ್ತಿತ್ತು. ಅದನ್ನು ಬೆರಳಿನಲ್ಲಿ ಹಿಡಿದರೆ ಉಳಿದ ಅಂಕಿಗಳೆಲ್ಲ ಸಿಗುತ್ತಿದ್ದವು. 2007ರಲ್ಲಿ ಐಫೋನ್ ಬಂದು ಫೋನಿನ ಮುಖವೆಲ್ಲ ಗಾಜಾದಾಗ ಆ ಆಸರೆ ತಪ್ಪಿತು. ಎರಡೇ ವರ್ಷಗಳಲ್ಲಿ, 2009ರಲ್ಲಿ, ಐಫೋನ್ 3ಜಿಎಸ್ ಜೊತೆಗೆ ಅದರ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಬಂತು. ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂತು. ಟಾಕ್‌ಬ್ಯಾಕ್ ಹಿಂದಿನ ಪ್ರಮುಖರಲ್ಲಿ ಒಬ್ಬರು ಪುಣೆಯಲ್ಲಿ ಬೆಳೆದ ಟಿ. ವಿ. ರಾಮನ್. 14ನೇ ವಯಸ್ಸಿನಲ್ಲಿ ಗ್ಲಾಕೋಮಾದಿಂದಲೇ ದೃಷ್ಟಿ ಕಳೆದುಕೊಂಡು, ಬಾಂಬೆ ಐಐಟಿಯಲ್ಲಿಯೂ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿಯೂ ಓದಿ, ಗೂಗಲ್ ಸೇರಿದ ಕಂಪ್ಯೂಟರ್ ವಿಜ್ಞಾನಿ ಅವರು. ಈ ಸಂಗತಿ ಹೇಳಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದರು.

ಗಾಜಿನ ಸಮಸ್ಯೆಗೆ ಸಿಕ್ಕ ಪರಿಹಾರ ಸರಳವೂ ಹೌದು, ಸೊಗಸೂ ಹೌದು. ನಮಗೆ ಮುಟ್ಟುವುದು ಮತ್ತು ಒತ್ತುವುದು ಒಂದೇ ಕ್ರಿಯೆ. ಸ್ಕ್ರೀನ್ ರೀಡರ್ ಆ ಎರಡನ್ನೂ ಬೇರೆ ಬೇರೆ ಮಾಡುತ್ತದೆ. ಒಂದು ಬೆರಳನ್ನು ಪರದೆಯ ಮೇಲೆ ಸರಿಸಿದರೆ ಬೆರಳಿನ ಕೆಳಗೆ ಏನಿದೆಯೋ ಅದರ ಹೆಸರು ಕೇಳಿಸುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ; ಬೇಕಾದದ್ದು ಸಿಕ್ಕ ಮೇಲೆ ಪರದೆಯ ಯಾವ ಮೂಲೆಯಲ್ಲಿಯಾದರೂ ಎರಡು ಬಾರಿ ತಟ್ಟಿದರೆ ಅದು ತೆರೆದುಕೊಳ್ಳುತ್ತದೆ. ಬಲಕ್ಕೆ ಸ್ವೈಪ್ ಮಾಡಿದರೆ ಮುಂದಿನದು, ಎಡಕ್ಕೆ ಮಾಡಿದರೆ ಹಿಂದಿನದು. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ವಾಲ್ಯೂಮ್‌ನ ಎರಡೂ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದು ಟಾಕ್‌ಬ್ಯಾಕ್ ಆರಂಭಿಸಬಹುದು. ಮನೆಯಲ್ಲಿ ದೃಷ್ಟಿ ಮಂದವಾಗುತ್ತಿರುವ ಹಿರಿಯರಿದ್ದರೆ, ಕಣ್ಣು ಇನ್ನೂ ಸ್ವಲ್ಪ ಕಾಣುತ್ತಿರುವಾಗಲೇ ಇದನ್ನು ರೂಢಿಸುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಇನ್ನು ಮಾತಿನ ವಿಚಾರ. ಬರಹವನ್ನು ಧ್ವನಿಯಾಗಿಸುವ ಕೆಲಸ ಕನ್ನಡದಲ್ಲಿ ಒಂದು ಕಡೆ ಸುಲಭ, ಇನ್ನೊಂದು ಕಡೆ ಸೂಕ್ಷ್ಮ. ನಾವು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಹಿಂದಿಯಲ್ಲಿ ಬರೆದ 'ರಾಮ'ದ ಕೊನೆಯ ಅಕಾರ ಉಚ್ಚಾರಣೆಯಲ್ಲಿ ಬಿದ್ದುಹೋಗುವಂಥ ತೊಡಕು ಕನ್ನಡಕ್ಕಿಲ್ಲ. ಆದರೆ ಅನುಸ್ವಾರವನ್ನೇ ನೋಡಿ. ಅಂಗಡಿ, ಅಂಚೆ, ಅಂಟು, ಅಂದ, ಅಂಬಲಿ ಎಂಬ ಐದು ಪದಗಳಲ್ಲಿ ಒಂದೇ ಸೊನ್ನೆ ಕ್ರಮವಾಗಿ ಙ, ಞ, ಣ, ನ, ಮ ಎಂಬ ಐದು ದನಿಗಳಾಗುತ್ತದೆ, ಮತ್ತು ಯಂತ್ರ ಮುಂದಿನ ಅಕ್ಷರವನ್ನು ಗಮನಿಸಿಯೇ ಇದನ್ನು ನಿರ್ಧರಿಸಬೇಕು. "2-3 ಚೀಲ" ಎಂದಿದ್ದರೆ ಎರಡು ಮೂರು ಚೀಲವೋ, ಎರಡರಲ್ಲಿ ಮೂರು ಕಳೆದದ್ದೋ ಎಂಬುದನ್ನೂ ಅದೇ ತಿಳಿಯಬೇಕು. ಇದಾದ ಮೇಲೆ ಧ್ವನಿಯ ಸರದಿ. ಇ-ಸ್ಪೀಕ್‌ನಂಥ ತಂತ್ರಾಂಶಗಳು ಗಂಟಲಿನ ಅನುರಣನವನ್ನು ಲೆಕ್ಕ ಹಾಕಿ ದನಿ ಹುಟ್ಟಿಸುತ್ತವೆ. ಇತ್ತೀಚಿನವು ನಿಜವಾದ ಮನುಷ್ಯರ ಧ್ವನಿಮುದ್ರಣದಿಂದ ಕಲಿತು ಮಾತನಾಡುತ್ತವೆ. ಮೊದಲನೆಯದು ಲೋಹದ ಪಾತ್ರೆಯೊಳಗಿಂದ ಬಂದಂತೆ ಕೇಳಿಸಿದರೂ ಅದನ್ನೇ ಮೆಚ್ಚುವವರು ಅನೇಕರಿದ್ದಾರೆ, ಏಕೆಂದರೆ ವೇಗ ಹೆಚ್ಚಿಸಿದಾಗಲೂ ಅದರ ಅಕ್ಷರಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ. ವೇಗ ಇಲ್ಲಿ ಸಣ್ಣ ಮಾತಲ್ಲ. ಜರ್ಮನಿಯ ಟ್ಯೂಬಿಂಗನ್‌ನ ಸಂಶೋಧಕರು ಕಂಡುಕೊಂಡಂತೆ, ಅಭ್ಯಾಸವಿರುವ ಅಂಧರು ಸೆಕೆಂಡಿಗೆ ಸುಮಾರು 22 ಉಚ್ಚಾರಾಂಶಗಳವರೆಗಿನ ಮಾತನ್ನು ಅರ್ಥಮಾಡಿಕೊಳ್ಳಬಲ್ಲರು. ಕಣ್ಣಿರುವವರಿಗೆ ಸುಮಾರು 8 ದಾಟಿದರೆ ಕಷ್ಟ. ಆ ಹೊತ್ತಿನಲ್ಲಿ, ಸಾಮಾನ್ಯವಾಗಿ ನೋಟಕ್ಕೆ ಮೀಸಲಾದ ಮಿದುಳಿನ ಭಾಗವೂ ಕೇಳಿಸಿಕೊಳ್ಳುವ ಕೆಲಸಕ್ಕೆ ನೆರವಾಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ.

ಇಷ್ಟೆಲ್ಲ ಸಾಮರ್ಥ್ಯವಿದ್ದೂ ಕನ್ನಡ ಓದುವ ಸ್ಕ್ರೀನ್ ರೀಡರ್ ಎಡವುವುದು ಬೇರೆ ಕಡೆ. ಒಮ್ಮೆ ಚಿಕ್ಕಪ್ಪನಿಗೆ ಒಂದು ಕಚೇರಿಯಿಂದ ಅರ್ಜಿ ನಮೂನೆಯ ಪಿಡಿಎಫ್ ಬಂತು. ತೆರೆದರೆ ನನಗೆ ಅಚ್ಚುಕಟ್ಟಾದ ಕನ್ನಡ ಕಾಣಿಸಿತು. ಫೋನು ಮಾತ್ರ "ಪಿ, ಎ, ಪೌಂಡ್, ಎ" ಎಂದು ತೊದಲತೊಡಗಿತು. ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು ಇದು. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತಸಂಖ್ಯೆ ಇದೆ; 'ಕ' ಎಲ್ಲಿ ಹೋದರೂ 'ಕ'ವೇ. ಅದಕ್ಕಿಂತ ಮೊದಲು ರೂಢಿಯಲ್ಲಿದ್ದ ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹೀಗಾಗಿ ಹಳೆಯ ನುಡಿಯಲ್ಲಿ 'ಕನ್ನಡ' ಎಂದು ಬರೆದರೆ ಕಡತದೊಳಗೆ ಉಳಿಯುವುದು ರೋಮನ್ ಪಿ ಅಕ್ಷರ, ತಲೆಯ ಮೇಲೆ ಗೆರೆಯಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಇತ್ಯಾದಿ. ಆ ಕಾಲದ ಕಂಪ್ಯೂಟರುಗಳ ಮಿತಿಯೊಳಗೆ ಕನ್ನಡವನ್ನು ಅಚ್ಚು ಮಾಡಲು ಅದು ಜಾಣ ಉಪಾಯವೇ ಆಗಿತ್ತು, ಮತ್ತು ಅದರಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಫಾಂಟು ತೊಡಿಸುವ ವೇಷ ಕಣ್ಣಿಗಷ್ಟೇ. ಕಿವಿಗೆ ತಲುಪುವುದು ಒಳಗಿರುವ ಪೌಂಡು. ಈಗಲೂ ಅದೇ ಫಾಂಟಿನಲ್ಲಿ ಸುತ್ತೋಲೆ ಸಿದ್ಧಪಡಿಸುವುದನ್ನು ನಾವು ನಿಲ್ಲಿಸಬೇಕು. ಹಳೆಯ ಕಡತಗಳನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಬಹಳ ಹಿಂದಿನಿಂದಲೂ ಇವೆ.

ಅಕ್ಷರವನ್ನು ಚಿತ್ರವಾಗಿಸುವುದು ಎರಡನೆಯ ತಪ್ಪು, ಮತ್ತು ಅದು ನಾವೆಲ್ಲರೂ ದಿನವೂ ಮಾಡುವಂಥದ್ದು. ಮದುವೆಯ ಕರೆಯೋಲೆ, ವಿದ್ಯುತ್ ನಿಲುಗಡೆಯ ಪ್ರಕಟಣೆ, ಶಾಲೆಯ ರಜೆಯ ಆದೇಶ, ಕಾಫಿ ಧಾರಣೆ, ಎಲ್ಲವೂ ಬಣ್ಣದ ಚೌಕಟ್ಟಿನ ಫೋಟೋ ಆಗಿ ಹರಿದಾಡುತ್ತವೆ. ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸುವ ತಂತ್ರಜ್ಞಾನ ಇದೆ, ಸುಧಾರಿಸುತ್ತಲೂ ಇದೆ. ಆದರೆ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿದು ಕುಳಿತುಕೊಳ್ಳುವುದರಿಂದಲೂ, ಥ-ಧ, ಪ-ಷಗಳಂಥ ಜೋಡಿಗಳ ನಡುವೆ ಒಂದು ಸಣ್ಣ ಗೀಟಿನಷ್ಟೇ ವ್ಯತ್ಯಾಸ ಇರುವುದರಿಂದಲೂ, ಮಸುಕಾದ ಫೋಟೋದಲ್ಲಿ ಅದು ತಪ್ಪುತ್ತದೆ. ಪದ ತಪ್ಪಿದರೆ ಊಹಿಸಬಹುದು. ಧಾರಣೆಯ ಒಂದು ಅಂಕಿ ತಪ್ಪಿದರೆ ಊಹಿಸುವುದಕ್ಕೆ ಏನೂ ಇರುವುದಿಲ್ಲ.

ಬರೆಯುವುದಕ್ಕೂ ದಾರಿಯಿದೆ ಎಂಬುದನ್ನು ಹೇಳಲೇಬೇಕು. ಉಬ್ಬು ಚುಕ್ಕಿಗಳ ಲಿಪಿಯಾದ ಬ್ರೈಲ್ ಬಲ್ಲವರು ಫೋನನ್ನು ಅಡ್ಡ ಹಿಡಿದು, ಆರು ಬೆರಳುಗಳನ್ನು ಆರು ಚುಕ್ಕಿಗಳಾಗಿಸಿ ಪರದೆಯ ಮೇಲೆಯೇ ಬರೆಯಬಲ್ಲರು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ಗೆ ಈ ಕೀಲಿಮಣೆ ಸೇರಿದ್ದು 2020ರಲ್ಲಿ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ 'ಹಾಸನ' ಎಂಬುದು ಹ, ಆ, ಸ, ನ ಎಂಬ ನಾಲ್ಕು ಮನೆಗಳು. ಕಾಗುಣಿತದ ಗುರುತಿನ ಬದಲು ಸ್ವರವನ್ನೇ ವ್ಯಂಜನದ ಪಕ್ಕದಲ್ಲಿ ಇಡಲಾಗುತ್ತದೆ.

ಕಾನೂನು ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳನ್ನು ಬಳಸುವ ಅವಕಾಶ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಗ್ರಾಹಕರ ಗುರುತನ್ನು ದೃಢಪಡಿಸುವ ಕೆವೈಸಿ ಪ್ರಕ್ರಿಯೆಯನ್ನು ಅಂಧರೂ ಪೂರೈಸುವಂತೆ ಮಾಡಲು ನಿರ್ದೇಶನಗಳನ್ನು ನೀಡಿತು. ಬ್ಯಾಂಕುಗಳೂ ಕಚೇರಿಗಳೂ ಇದನ್ನು ಪಾಲಿಸಬೇಕು, ಪಾಲಿಸದಿದ್ದರೆ ನಾವು ಕೇಳಬೇಕು. ಆದರೆ ವಾಟ್ಸಾಪ್ ಗುಂಪಿಗೆ ನ್ಯಾಯಾಲಯದ ಆದೇಶ ಬೇಕಾಗಿಲ್ಲ.

ಕಳೆದ ಕೊಯ್ಲಿನ ಹೊತ್ತಿಗೆ ನಾನು ಗುಂಪನ್ನು ನಡೆಸುವವರಿಗೆ ಫೋನ್ ಮಾಡಿ, ಚಿಕ್ಕಪ್ಪನ ಫೋನು ಧಾರಣೆಯನ್ನು ಹೇಗೆ ಓದುತ್ತದೆ ಎಂಬುದನ್ನು ಕೇಳಿಸಿದೆ. "ಫೋಟೋ" ಎಂಬ ಪದ ಕೇಳಿ ಅವರು ಇನ್ನೊಮ್ಮೆ ಓದಿಸಲು ಹೇಳಿದರು. ಮರುದಿನದಿಂದ ಚಿತ್ರದ ಕೆಳಗೆ ನಾಲ್ಕು ಸಾಲು ಟೈಪ್ ಮಾಡಿ ಹಾಕತೊಡಗಿದರು. ಮೊದಲ ದಿನ ಚಿಕ್ಕಪ್ಪ ಜಗಲಿಯ ಮೇಲೆ ಕುಳಿತು ಆ ನಾಲ್ಕು ಸಾಲುಗಳನ್ನು ಎರಡು ಸಲ ಕೇಳಿಸಿಕೊಂಡರು. ಮೂರನೆಯ ಸಲ ವೇಗ ತಗ್ಗಿಸಿ ಮೆಣಸಿನ ಸಾಲನ್ನಷ್ಟೇ ಕೇಳಿ, ಒಳಗಿದ್ದ ಚೀಲಗಳನ್ನು ಇನ್ನೊಂದು ವಾರ ಮಾರುವುದು ಬೇಡ ಎಂದು ಹೇಳಿ ಕಾಫಿ ಕುಡಿಯಲು ಎದ್ದರು.