ಎಐ ಪಾತ್ರಗಳು ಮಾತಿನ ಮಧ್ಯೆ ಬಾಯಿ ಹಾಕುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಾನು ಕಟಪಾಡಿಯವಳು, ಚಿಕ್ಕ ಚಿಕ್ಕ ಆಡಿಯೋ ಕತೆ ಮಾಡ್ತೇನೆ. ಚಾಟ್‌ಬಾಟ್‌ನಲ್ಲಿ ಅಮ್ಮ, ದೊಡ್ಡಮ್ಮ, ಮಗ ಅಂತ ಮೂರು ಪಾತ್ರ ಕೊಟ್ಟು ಮಾತುಕತೆ ಬರೆಸಿದರೆ ಒಬ್ಬರು ಪೂರ್ತಿ ಮುಗಿಸುವ ತನಕ ಉಳಿದವರು ಕೈಕಟ್ಟಿ ಕೂತಿರ್ತಾರೆ. ಗ್ರಾಮಸಭೆಯಲ್ಲೂ ಇಷ್ಟು ಶಿಸ್ತು ಇರುವುದಿಲ್ಲ! ನಮ್ಮ ಮನೆಯಲ್ಲಂತೂ ಯಾರೂ ಹೀಗೆ ಮಾತಾಡುವುದಿಲ್ಲ. ಇವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವ ಹಾಗೆ ಮಾಡ್ಲಿಕ್ಕೆ ಆಗ್ತದಾ?

ಉತ್ತರ: ಆಗ್ತದೆ. ಆದರೆ ‘ಮಧ್ಯೆ ಮಧ್ಯೆ ಬಾಯಿ ಹಾಕಿಸು’ ಅಂತ ಒಂದು ಸಾಲು ಸೇರಿಸಿದರೆ ಆಗುವುದಿಲ್ಲ. ಹಾಗೆ ಹೇಳಿದರೆ ಸಿಗುವುದು ಏನೆಂದರೆ, ಅಲ್ಲಲ್ಲಿ ಒಂದು ಅಡ್ಡಗೆರೆ, ಅದರ ಕೆಳಗೆ ಎಂದಿನ ಅದೇ ಸಭ್ಯ ಉತ್ತರ.

ಮೊದಲು ತೊಡಕು ಎಲ್ಲಿ ಅಂತ ನೋಡುವ. ಚಾಟ್‌ಬಾಟ್ ಹಿಂದಿರುವ ಭಾಷಾ ಮಾದರಿ ಬರೆಯುವುದು ಟೋಕನ್ ಎಂಬ ಸಣ್ಣ ಸಣ್ಣ ತುಣುಕುಗಳಲ್ಲಿ, ಒಂದು ಆದಮೇಲೆ ಒಂದು. ಅದಕ್ಕೆ ಮಾತುಕತೆ ಕಲಿಸಿದ್ದೂ ಸರದಿಯ ಲೆಕ್ಕದಲ್ಲಿ: ಬಳಕೆದಾರರ ಸರದಿ, ಸಹಾಯಕನ ಸರದಿ, ಮತ್ತೆ ಬಳಕೆದಾರರ ಸರದಿ. ತನ್ನ ಸರದಿ ಮುಗಿಯಿತು ಎನ್ನುವುದಕ್ಕೆ ಅದು ಒಂದು ವಿಶೇಷ ಗುರುತು ಹಾಕಿ ನಿಲ್ಲುತ್ತದೆ. ಇದರ ಮೇಲೆ ಕನ್ನಡದ ಕಷ್ಟ ಬೇರೆ. ಅಂತರ್ಜಾಲದಲ್ಲಿ ಸಿಗುವ ಕನ್ನಡ ಹೆಚ್ಚಿನದ್ದು ಸುದ್ದಿ, ವಿಕಿಪೀಡಿಯ, ಲೇಖನ. ಅಡುಗೆಮನೆಯ ಮಾತನ್ನು ಹೇಗಿತ್ತೋ ಹಾಗೇ ಬರೆದಿಟ್ಟವರು ಎಷ್ಟು ಜನ?

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಮೂವರ ಮಾತನ್ನೂ ಬರೆಯುವುದು ಒಂದೇ ಮಾದರಿ. ಅಮ್ಮ ಏನು ಹೇಳಲಿಕ್ಕೆ ಹೊರಟಿದ್ದಾರೆ ಅಂತ ಅದಕ್ಕೆ ಗೊತ್ತು. ಹಾಗಾಗಿ ಅಮ್ಮನ ಮಾತು ಅರ್ಧಕ್ಕೆ ತುಂಡಾದರೂ ದೊಡ್ಡಮ್ಮನ ಉತ್ತರ ಇಡೀ ವಾಕ್ಯಕ್ಕೆ ಸರಿಯಾಗಿ ಕೂತುಬಿಡುತ್ತದೆ. ಓದುವವರಿಗೆ ಸುಳ್ಳು ಅನ್ನಿಸುವುದು ಇಲ್ಲಿಯೇ. ನಿಜವಾಗಿ ಬಾಯಿ ಹಾಕುವವರಿಗೆ ಕೇಳಿಸಿದ್ದು ಅರ್ಧ ಮಾತ್ರ, ಉಳಿದದ್ದು ಅವರ ಊಹೆ. ಆದ್ದರಿಂದ ನೀವು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದದ್ದು ಯಾರಿಗೆ ಎಷ್ಟು ಕೇಳಿಸಿತು ಎಂಬುದನ್ನು. ಅಡ್ಡಗೆರೆ ಎಷ್ಟು ಬಂತು ಅಂತ ಎಣಿಸಿ ಏನೂ ಸಿಗುವುದಿಲ್ಲ.

ಮನುಷ್ಯರು ಇದನ್ನು ಹೇಗೆ ಮಾಡ್ತಾರೆ ಅಂತ ಅಧ್ಯಯನ ಆಗಿದೆ. ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ 1974ರಲ್ಲಿ ಮಾತಿನ ಸರದಿಯ ಬಗ್ಗೆ ಬರೆದ ಪ್ರಬಂಧ ಈ ವಿಷಯಕ್ಕೆ ಬುನಾದಿ. ಜೆಫರ್ಸನ್ ಅವರಂತೂ ಧ್ವನಿಮುದ್ರಣದ ಮಾತನ್ನು ಕಾಗದಕ್ಕೆ ಇಳಿಸುವ ಕ್ರಮವನ್ನೇ ಕಟ್ಟಿಕೊಟ್ಟರು. ಎರಡು ಮಾತು ಒಂದರ ಮೇಲೊಂದು ಬಿದ್ದಲ್ಲಿ ಚೌಕ ಆವರಣ, ಎಡೆಯೇ ಇಲ್ಲದೆ ಒಂದಕ್ಕೊಂದು ಅಂಟಿಕೊಂಡು ಬಂದಲ್ಲಿ ಸಮ ಚಿಹ್ನೆ. ಈ ಚೌಕ ಆವರಣ ನಿಮಗೆ ಆಮೇಲೆ ಬೇಕಾಗ್ತದೆ.

2009ರಲ್ಲಿ ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳಲ್ಲಿ ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಅಂತರವನ್ನು ಬೇರೊಂದು ಸಂಶೋಧಕರ ತಂಡ ಅಳೆಯಿತು. ಒಟ್ಟು ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಪಾಲು. ಒಂದು ಶಬ್ದವನ್ನು ಯೋಚಿಸಿ ಬಾಯಿಗೆ ತರಲಿಕ್ಕೇ ಸುಮಾರು 600 ಮಿಲಿಸೆಕೆಂಡ್ ಬೇಕು. ಹಾಗಾದರೆ ಎದುರಿನವರು ಮುಗಿಸುವ ಮೊದಲೇ ನಾವು ನಮ್ಮ ಉತ್ತರ ತಯಾರು ಮಾಡಿಕೊಂಡಿರ್ತೇವೆ ಅಂತ ಆಯಿತು. ಆ ಹತ್ತರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಆದರೆ ಎಲ್ಲರಿಗಿಂತ ಬೇಗ ಉತ್ತರ ಬಂದದ್ದು ಜಪಾನಿಯಲ್ಲಿ, ಸರಾಸರಿ 7 ಮಿಲಿಸೆಕೆಂಡ್. ಜಪಾನಿ ನಮ್ಮ ಹಾಗೆ ಕ್ರಿಯಾಪದವನ್ನು ಕೊನೆಗೆ ಇಡುವ ಭಾಷೆ. ಮಾತಿನ ತೀರ್ಮಾನ ಕೊನೆಗೆ ಬರ್ತದೆ ಅಂತ ಕೇಳುವವರು ಕೊನೆಯ ತನಕ ಕಾಯುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ದೊಡ್ಡ ಅನುಕೂಲ ಉಂಟು. ನಮ್ಮಲ್ಲಿ ಹೌದು, ಅಲ್ಲ ಎರಡೂ ನಿರ್ಧಾರವಾಗುವುದು ವಾಕ್ಯದ ಕಟ್ಟಕಡೆಗೆ. ‘ನಾನು ದುಡ್ಡು ಕೊಟ್ಟಿರ’ ಎಂಬಲ್ಲಿ ಮಾತು ತುಂಡಾದರೆ ಮುಂದೆ ‘ಲಿಲ್ಲ’ ಬರಬಹುದು, ‘ಬೇಕು’ ಬರಬಹುದು. ತಪ್ಪು ಊಹೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಜಗಳ ಹುಟ್ಟುವುದೂ ಅಲ್ಲಿಯೇ.

ನಿಮ್ಮ ಮೂರು ಪಾತ್ರಗಳನ್ನೇ ತೆಗೆದುಕೊಳ್ಳುವ. ಸುಮ್ಮನೆ ಕೇಳಿದರೆ ಮಾದರಿ ಬರೆಯುವುದು ಹೀಗೆ:

ಅಮ್ಮ: ನಾನು ಇಂದು ಬೆಳಿಗ್ಗೆ ಮಲ್ಪೆಗೆ ಹೋಗಿದ್ದೆ. ಬಂಗುಡೆಯ ಬೆಲೆ ತುಂಬಾ ಹೆಚ್ಚಾಗಿತ್ತು, ಆದ್ದರಿಂದ ಬೂತಾಯಿ ತಂದೆ.
ದೊಡ್ಡಮ್ಮ: ನೀನು ಹೇಳುವುದು ಸರಿ. ಇತ್ತೀಚೆಗೆ ಮೀನಿನ ಬೆಲೆ ಹೆಚ್ಚಾಗಿದೆ.
ಮಗ: ಹೌದು ಅಮ್ಮ, ಬೂತಾಯಿ ಕೂಡ ಆರೋಗ್ಯಕ್ಕೆ ಒಳ್ಳೆಯದು.

ಯಾವ ಮಗ ಹೀಗೆ ಹೇಳ್ತಾನೆ ಮಾರಾಯ್ರೆ! ಈಗ ಇದನ್ನು ನೋಡಿ:

ಅಮ್ಮ: ಬೆಳಿಗ್ಗೆ ಮಲ್ಪೆಗೆ ಹೋದದ್ದು, ಬಂಗುಡೆಗೆ ಎಷ್ಟು ಹೇಳ್ತಾರೆ ಗೊತ್ತುಂಟಾ ಅಕ್ಕ, ನಾನು ಅಲ್ಲಿಯೇ—
ದೊಡ್ಡಮ್ಮ: ತಂದಿಯಾ ಇಲ್ವಾ?
ಅಮ್ಮ: ಹೇಳ್ತೇನೆ ಅಕ್ಕ, ಸ್ವಲ್ಪ ತಡಿ. ನಾನು ಅಲ್ಲಿಯೇ ಹೇಳಿದೆ, ಇಷ್ಟು ದುಡ್ಡಿಗೆ ನನಗೆ ಬಂಗುಡೆ ಬೇ—
ಮಗ: ಪುನಃ ಬಂಗುಡೆಯಾ? ನನಗೆ ಬೇಡ!
ಅಮ್ಮ: [ಬೇಡ ಅಂತಲೇ ಹೇಳಿದ್ದು ನಾನು!]
ದೊಡ್ಡಮ್ಮ: [ಅವನ ಬಾಯಿ ನೋಡು.] ಮತ್ತೆ ಎಂತ ತಂದದ್ದು?
ಅಮ್ಮ: ಬೂತಾಯಿ. ಅದನ್ನೇ ಹೇಳ್ಲಿಕ್ಕೆ ಹೊರಟದ್ದು ಆಗದಿಂದ.

ಮಗನಿಗೆ ಕೇಳಿಸಿದ್ದು ‘ಬೇ’ ತನಕ. ಅವನು ‘ಬೇಕು’ ಅಂತ ಪೂರ್ತಿ ಮಾಡಿಕೊಂಡ, ಅಮ್ಮನ ಬಾಯಲ್ಲಿ ಇದ್ದದ್ದು ‘ಬೇಡ’. ಅಮ್ಮ ತನ್ನ ಮಾತು ಕಳೆದುಕೊಳ್ಳಲಿಲ್ಲ ಎಂಬುದನ್ನೂ ನೋಡಿ. ಒಮ್ಮೆ ‘ತಡಿ’ ಅಂತ ಹಿಡಿದುಕೊಂಡರು, ಕೊನೆಗೆ ಬಿಟ್ಟ ಎಳೆಗೆ ಬಂದು ಸೇರಿದರು. ಬಾಯಿ ಹಾಕಿಸುವುದು ಅರ್ಧ ಕೆಲಸವಷ್ಟೆ. ಮಾತು ತುಂಡಾದವರು ಆಮೇಲೆ ಏನು ಮಾಡ್ತಾರೆ? ಸುಮ್ಮನಾಗ್ತಾರಾ, ದನಿ ಏರಿಸ್ತಾರಾ, ಹತ್ತು ಸಾಲು ಬಿಟ್ಟು ‘ಅದಲ್ಲ, ನಾನು ಆಗ ಹೇಳಿದ್ದು’ ಅಂತ ವಾಪಸ್ ಬರ್ತಾರಾ? ಪಾತ್ರದ ಸ್ವಭಾವ ಗೊತ್ತಾಗುವುದು ಅಲ್ಲಿ.

ಕರಾವಳಿಯವರಿಗೆ ಇದನ್ನು ಗಮನಿಸಲಿಕ್ಕೆ ಒಳ್ಳೆಯ ಜಾಗ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಾಡ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಆ ಹೊತ್ತಿನದ್ದು. ಸಂಧಾನಕ್ಕೆ ಬಂದ ಕೃಷ್ಣ ವಾದ ಕಟ್ಟುತ್ತಾ ಹೋಗುವಾಗ ಕೌರವನ ಅರ್ಥ ಹೇಳುವವರು ಎಲ್ಲಿ ಬಾಯಿ ಹಾಕ್ತಾರೆ ಅಂತ ನೋಡಿ. ಪಳಗಿದವರು ಸಿಕ್ಕಿದಲ್ಲೆಲ್ಲ ಹಾಕುವುದಿಲ್ಲ. ಎದುರಿನವರ ಮಾತಿನಲ್ಲಿ ಹಿಡಿಯಲಿಕ್ಕೆ ಒಂದು ಶಬ್ದ ಸಿಗುವ ತನಕ ಕಾದು, ಅದನ್ನೇ ಎತ್ತಿಕೊಂಡು ಪ್ರಶ್ನೆ ಹಾಕ್ತಾರೆ. ಕೃಷ್ಣ ಮುಂದೆ ಏನು ಹೇಳಲಿಕ್ಕಿದ್ದ ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಿಮ್ಮ ಪಾತ್ರಗಳಿಗೂ ಇದೇ ಬೇಕು: ಬಾಯಿ ಹಾಕಲಿಕ್ಕೆ ಒಂದು ಕಾರಣ, ಹಿಡಿಯಲಿಕ್ಕೆ ಒಂದು ಶಬ್ದ.

ಹಾಗಾಗಿ ಚಾಟ್‌ಬಾಟ್‌ಗೆ ಸೂಚನೆ ಕೊಡುವಾಗ ಸ್ವಭಾವಕ್ಕಿಂತ ಅವಸರವನ್ನು ಹೇಳಿ. ‘ದೊಡ್ಡಮ್ಮ ಜೋರು ಸ್ವಭಾವದವರು’ ಎಂಬುದರಿಂದ ಏನೂ ಆಗುವುದಿಲ್ಲ. ಹೀಗೆ ಬರೆದು ನೋಡಿ: “ಅಮ್ಮನಿಗೆ ಮಲ್ಪೆಯ ಕತೆ ಮೊದಲಿಂದ ಕೊನೆ ತನಕ ಹೇಳಬೇಕು. ದೊಡ್ಡಮ್ಮನಿಗೆ ಮೀನು ಬಂತಾ ಇಲ್ವಾ ಅಷ್ಟೇ ಬೇಕು. ಮಗ ಕಿವಿ ಕೊಡುವುದಿಲ್ಲ, ಬಂಗುಡೆ ಎಂಬ ಶಬ್ದ ಕಿವಿಗೆ ಬಿದ್ದರೆ ಮಾತ್ರ ಏಳುತ್ತಾನೆ. ಮಾತು ತುಂಡಾದಲ್ಲಿ ಅಡ್ಡಗೆರೆ ಹಾಕು. ಅಡ್ಡಗೆರೆಯ ಆಚೆ ಏನಿತ್ತು ಅಂತ ಬೇರೆ ಪಾತ್ರಗಳಿಗೆ ಗೊತ್ತಿಲ್ಲ. ಕೇಳಿದ ಕೊನೆಯ ಶಬ್ದಕ್ಕೆ ಮಾತ್ರ ಅವರು ಪ್ರತಿಕ್ರಿಯಿಸಬೇಕು. ಇಬ್ಬರೂ ಒಟ್ಟಿಗೆ ಮಾತಾಡಿದ ಭಾಗವನ್ನು ಚೌಕ ಆವರಣದೊಳಗೆ ಹಾಕು.” ಜೊತೆಗೆ ನಿಮ್ಮದೇ ಮನೆಯ ಎಂಟು ಹತ್ತು ಸಾಲು ಮಾತು ಉದಾಹರಣೆಯಾಗಿ ಕೊಡಿ. ನಿಯಮಕ್ಕಿಂತ ಉದಾಹರಣೆಯನ್ನು ಈ ಯಂತ್ರಗಳು ಬೇಗ ಹಿಡಿಯುತ್ತವೆ. ಇಲ್ಲದಿದ್ದರೆ ‘ಎಂತ’, ‘ಉಂಟು’ ಹೋಗಿ ‘ಏನು’, ‘ಇದೆ’ ಬಂದು ಕೂತಿರ್ತದೆ.

ಯಾರು ಯಾರ ಮಾತಿಗೆ ಬಾಯಿ ಹಾಕಬಹುದು ಎಂಬುದನ್ನೂ ಹೇಳಿಕೊಡಬೇಕು. ಮೊಮ್ಮಗಳು ಅಜ್ಜಿಯ ಮಾತು ತುಂಡರಿಸಿದರೂ ‘ಅಲ್ಲ ಅಜ್ಜಿ’ ಅಂತ ಶುರುಮಾಡಿಯಾಳು. ಅಜ್ಜಿಗೆ ಆ ಮುಲಾಜಿಲ್ಲ. ಬಾಯಿ ಹಾಕುವುದೆಲ್ಲ ಒರಟುತನ ಅಂತ ಮಾದರಿ ತಿಳಿದುಕೊಂಡಿರುತ್ತದೆ, ಹಾಗಾಗಿ ಮೊದಲ ಪ್ರಯತ್ನದಲ್ಲಿ ಎಲ್ಲರೂ ಸಿಟ್ಟಿನವರಾಗಿ ಬರಬಹುದು. ಡೆಬೊರಾ ಟ್ಯಾನನ್ ಎಂಬ ಭಾಷಾಶಾಸ್ತ್ರಜ್ಞೆ 1984ರ ತಮ್ಮ ಪುಸ್ತಕದಲ್ಲಿ ಒಂದು ಊಟದ ಹೊತ್ತಿನ ಮಾತನ್ನು ಎಳೆ ಎಳೆಯಾಗಿ ಬಿಡಿಸಿದ್ದಾರೆ. ನ್ಯೂಯಾರ್ಕಿನವರು ಮಾತಿನ ಮೇಲೆ ಮಾತು ಹಾಕುತ್ತಿದ್ದದ್ದು ಆಸಕ್ತಿಯಿಂದ. ಅದೇ ಪಂಕ್ತಿಯಲ್ಲಿದ್ದ ಕ್ಯಾಲಿಫೋರ್ನಿಯದವರಿಗೆ ಅದು ಅಡ್ಡಿ ಅನ್ನಿಸಿತು. ನಮ್ಮ ಕಡೆಯ ಮದುವೆ ಊಟದ ಪಂಕ್ತಿಯಲ್ಲಿ ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೂಂಗುಟ್ಟುವುದು ಮಾತ್ರ ಬೇರೆ ಜಾತಿ. ‘ಹ್ಞೂಂ’, ‘ಹೌದಾ’, ‘ಅಯ್ಯೋ’ ಇವು ಸರದಿ ಕೇಳುವುದಿಲ್ಲ, ಮಾತಾಡುವವರನ್ನು ಇನ್ನಷ್ಟು ಮಾತಾಡಿಸುತ್ತವೆ. ಇವನ್ನು ಪ್ರತಿ ಸಾಲಿಗೂ ಬರೆದರೆ ಓದಲಿಕ್ಕೆ ಬೇಸರ, ಧ್ವನಿಯಲ್ಲಿ ಇಲ್ಲದಿದ್ದರೆ ಫೋನು ಕಟ್ಟಾದ ಅನುಭವ. ಬರಹದಲ್ಲಿ ಕಡಿಮೆ, ಧ್ವನಿಯಲ್ಲಿ ಧಾರಾಳ.

ನಿಮಗೆ ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿದ್ದರೆ, ಅಥವಾ ಮನೆಯಲ್ಲಿ ಎಂಜಿನಿಯರಿಂಗ್ ಓದುವವರು ಯಾರಾದರೂ ಇದ್ದರೆ, ಇದಕ್ಕಿಂತ ಗಟ್ಟಿ ದಾರಿ ಉಂಟು. ಪಾತ್ರಕ್ಕೆ ಒಂದರಂತೆ ಬೇರೆ ಬೇರೆ ಸಂವಾದ ತೆರೆಯಿರಿ. ಅಮ್ಮನ ಪೂರ್ತಿ ಮಾತು ಮೊದಲು ತಯಾರಾಗಲಿ, ಆದರೆ ಉಳಿದವರಿಗೆ ಅದನ್ನು ನಾಲ್ಕೈದು ಶಬ್ದಗಳ ತುಂಡಿನಲ್ಲಿ ಮಾತ್ರ ತೋರಿಸಿ. ಪ್ರತಿ ತುಂಡು ಆದಮೇಲೆ ಕೇಳಿ: ಬಾಯಿ ಹಾಕ್ತೀಯಾ, ಹೂಂಗುಟ್ಟುತ್ತೀಯಾ, ಸುಮ್ಮನಿರ್ತೀಯಾ? ಯಾರಾದರೂ ಬಾಯಿ ಹಾಕಿದರೆ ಅಮ್ಮನ ಉಳಿದ ಮಾತನ್ನು ಎಲ್ಲರಿಗೂ ಕಾಣುವ ದಾಖಲೆಯಿಂದ ತೆಗೆದುಬಿಡಿ, ಅಮ್ಮನ ಖಾಸಗಿ ದಾಖಲೆಯಲ್ಲಿ ‘ಹೇಳಲಿಕ್ಕೆ ಬಾಕಿ’ ಅಂತ ಇಡಿ. ಆಗ ಅಮ್ಮ ತಾವಾಗಿಯೇ ಅದಕ್ಕೆ ಹಿಂದಿರುಗುತ್ತಾರೆ. ಮಾದರಿಯನ್ನು ಹಲವು ಸಲ ಕರೆಯಬೇಕಾಗುವುದರಿಂದ ಖರ್ಚು ಏರುತ್ತದೆ. ಬಾಯಿ ಹಾಕಬೇಕೋ ಬೇಡವೋ ಎಂಬ ಸಣ್ಣ ತೀರ್ಮಾನಕ್ಕೆ ಅಗ್ಗದ ಚಿಕ್ಕ ಮಾದರಿ ಸಾಕು.

ತುಂಡು ಮಾಡುವಾಗ ಟೋಕನ್ ಲೆಕ್ಕದಲ್ಲಿ ಕತ್ತರಿಸಬೇಡಿ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ್ಷ’ ನಮಗೆ ಒಂದು ಅಕ್ಷರ, ಯಂತ್ರಕ್ಕೆ ಮೂರು ಸಂಕೇತ, ಒಂಬತ್ತು ಬೈಟ್. ಟೋಕನ್ನಿನ ಗಡಿ ಅದರ ನಡುವೆಯೇ ಬಿದ್ದರೆ ಒತ್ತಕ್ಷರ ಹಾರಿಹೋಗಿ ಬರೀ ಅರ್ಧ ಕ ಉಳಿಯುತ್ತದೆ, ಇಲ್ಲವೇ ಪ್ರಶ್ನಾರ್ಥಕ ಚೌಕ ಬರುತ್ತದೆ. ಅಕ್ಷರದ ಗಡಿಯಲ್ಲೇ ಕತ್ತರಿಸಿ.

ಇನ್ನು ಧ್ವನಿ. ನಿಮ್ಮದು ಮೊದಲೇ ಮಾಡಿಟ್ಟ ಕತೆಯಾದ್ದರಿಂದ ಕೆಲಸ ಸುಲಭ. ಪ್ರತಿ ಪಾತ್ರದ ಮಾತನ್ನೂ ಬೇರೆ ಬೇರೆ ಫೈಲಾಗಿ ಮಾಡಿಸಿ, ಆಡಾಸಿಟಿಯಂತಹ ಉಚಿತ ಸಾಫ್ಟ್‌ವೇರಿನಲ್ಲಿ ಒಂದೊಂದು ಪಾತ್ರಕ್ಕೆ ಒಂದೊಂದು ಟ್ರ್ಯಾಕ್ ಕೊಟ್ಟು ಜೋಡಿಸಿ. ತುಂಡಾಗುವ ಮಾತನ್ನು ಮಾತ್ರ ಪೂರ್ತಿ ವಾಕ್ಯವಾಗಿಯೇ ಓದಿಸಿ, ಆಮೇಲೆ ಕತ್ತರಿಸಿ. ಅರ್ಧ ವಾಕ್ಯ ಕೊಟ್ಟರೆ ಯಂತ್ರ ಅದನ್ನು ಮುಗಿದ ವಾಕ್ಯದ ಹಾಗೆ ದನಿ ಇಳಿಸಿ ಓದಿಬಿಡುವುದೇ ಹೆಚ್ಚು. ಬಾಯಿ ಹಾಕುವವರ ಟ್ರ್ಯಾಕನ್ನು ಸ್ವಲ್ಪ ಹಿಂದಕ್ಕೆ ಎಳೆದು, ಎರಡು ದನಿ ಒಂದೆರಡು ಶಬ್ದದಷ್ಟು ಒಟ್ಟಿಗೆ ಕೇಳಿಸಲಿ, ಬಿಟ್ಟುಕೊಡುವವರ ದನಿ ಬೇಗ ಇಳಿಯಲಿ. ಮೂರನೇ ದನಿಯನ್ನೂ ಅದೇ ಜಾಗಕ್ಕೆ ತಂದರೆ ಯಾರದ್ದೂ ಅರ್ಥವಾಗುವುದಿಲ್ಲ. ನಿಜವಾದ ಮನೆಯಲ್ಲಿ ಹಾಗಾಗುವುದುಂಟು, ಆದರೆ ಅಲ್ಲಿ ಯಾರು ಮಾತಾಡ್ತಿದ್ದಾರೆ ಅಂತ ನೋಡಲಿಕ್ಕೆ ಕಣ್ಣಿರ್ತದೆ.

ಕೇಳುವವರೇ ಪಾತ್ರದ ಜೊತೆ ನೇರ ಮಾತಾಡುವಂತೆ ಮಾಡುವುದಾದರೆ ವಿಷಯ ಬೇರೆ. ಮಾಮೂಲಿ ಧ್ವನಿ ಚಾಟ್‌ಬಾಟ್‌ಗಳಿಗೆ ನೀವು ಮುಗಿಸಿದಿರಿ ಅಂತ ಗೊತ್ತಾಗುವುದು ನಿಮ್ಮ ಮೌನದಿಂದ. ಓಪನ್‌ಎಐ ಕಂಪೆನಿಯ ರಿಯಲ್‌ಟೈಮ್ ಎಪಿಐನಲ್ಲಿ (ಅವರ ಧ್ವನಿ ಮಾದರಿಯನ್ನು ನಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುವ ವ್ಯವಸ್ಥೆ) ಆ ಮೌನದ ಮಿತಿ ನೀವು ಬದಲಾಯಿಸದಿದ್ದರೆ 500 ಮಿಲಿಸೆಕೆಂಡ್. ಮನುಷ್ಯರ 200ಕ್ಕೆ ಹೋಲಿಸಿದರೆ ಅದು ತಡ. ಕಡಿಮೆ ಮಾಡಿದರೆ ‘ಮತ್ತೆ...’ ಅಂತ ಎಳೆದು ಯೋಚಿಸುವವರ ಮಾತಿನ ಮೇಲೆ ಅದು ಬಂದು ಬೀಳುತ್ತದೆ. ನೀವು ಬಾಯಿ ಹಾಕಿದಾಗ, ಅದು ಹೇಳಿದ್ದರಲ್ಲಿ ನಿಮಗೆ ಕೇಳಿಸದೆ ಉಳಿದ ಭಾಗವನ್ನು ಅದರ ನೆನಪಿನಿಂದ ಕತ್ತರಿಸುವ ಸೌಲಭ್ಯವೂ ಅಲ್ಲಿ ಉಂಟು. ಅದನ್ನು ಬಳಸದಿದ್ದರೆ ತಾನು ಹೇಳಿಯಾಗಿದೆ ಅಂತಲೇ ಅದು ನಂಬಿಕೊಂಡಿರುತ್ತದೆ.

ಪ್ಯಾರಿಸಿನ ಕ್ಯುಟಾಯ್ ಪ್ರಯೋಗಾಲಯ 2024ರಲ್ಲಿ ಹೊರತಂದ ಮೋಶಿ ಎಂಬ ಮಾದರಿ ಸರದಿಯ ಗೊಡವೆಯನ್ನೇ ಬಿಟ್ಟಿತು. ಅದು ತನ್ನ ದನಿ, ನಿಮ್ಮ ದನಿ ಎರಡನ್ನೂ ಎರಡು ಸಮಾನಾಂತರ ಧಾರೆಗಳಾಗಿ ಹಿಡಿಯುತ್ತದೆ. ಮಾತಾಡುತ್ತಿರುವಾಗಲೂ ಕೇಳುತ್ತಲೇ ಇರುತ್ತದೆ, ನಡುವೆ ಹೂಂಗುಟ್ಟಬಲ್ಲದು. ಅದರ ತಡ ವಾಸ್ತವದಲ್ಲಿ ಸುಮಾರು 200 ಮಿಲಿಸೆಕೆಂಡ್. ಇಂಥದ್ದಕ್ಕೆ ತರಬೇತಿ ಕೊಡಲಿಕ್ಕೆ ಇಬ್ಬರ ದನಿಯೂ ಬೇರೆ ಬೇರೆಯಾಗಿ ಮುದ್ರಣವಾದ ಸಹಜ ಮಾತು ಬೇಕು. ಮೋಶಿಗೆ ಇಂಗ್ಲಿಷ್ ದೂರವಾಣಿ ಸಂಭಾಷಣೆಗಳ ದೊಡ್ಡ ಸಂಗ್ರಹ ಸಿಕ್ಕಿತ್ತು, ಅದು ಮಾತಾಡುವುದೂ ಇಂಗ್ಲಿಷೇ. ಕನ್ನಡದ ಕತೆಗೆ ಸದ್ಯ ಟ್ರ್ಯಾಕ್ ಜೋಡಿಸುವ ಕೆಲಸವೇ ಮೇಲು. ಇಬ್ಬರು ಬೇರೆ ಬೇರೆ ಮೈಕಿನಲ್ಲಿ ಮಾತಾಡಿದ್ದನ್ನು ನೀವು ರೆಕಾರ್ಡ್ ಮಾಡುವುದಾದರೆ ಆ ಫೈಲುಗಳನ್ನು ಮಿಕ್ಸ್ ಮಾಡಿದ ಮೇಲೂ ಅಳಿಸಬೇಡಿ. ನಿಮ್ಮದೇ ಪಾತ್ರಗಳಿಗೆ ಉದಾಹರಣೆಯ ಸಾಲು ಬೇಕಾದಾಗ ಮೊದಲು ಹುಡುಕುವುದು ಅವನ್ನೇ.